ಮನೆಯಲ್ಲಿರುವ ಎರಡನೇ ಮೇಷ್ಟ್ರು

ಮೂರನೇ ತರಗತಿಯ ಮಗುವೊಂದು 52ರಲ್ಲಿ 27 ಕಳೆದು 35 ಎಂದು ಬರೆದಿದೆ ಎನ್ನಿ. ಲೆಕ್ಕ ಬಲ್ಲವರಿಗೆ ತಪ್ಪು ಒಂದೇ ನೋಟಕ್ಕೆ ತಿಳಿಯುತ್ತದೆ: 2ರಲ್ಲಿ 7 ಹೋಗುವುದಿಲ್ಲವಾದ್ದರಿಂದ ಹತ್ತರ ಸ್ಥಾನದಿಂದ ಸಾಲ ತರಬೇಕಿತ್ತು, ಮಗು ಅದನ್ನು ಬಿಟ್ಟು 7ರಲ್ಲೇ 2 ಕಳೆದುಬಿಟ್ಟಿದೆ. ಓದು ಬಲ್ಲ ತಾಯಿ ರಾತ್ರಿ ಅಡುಗೆ ಮುಗಿಸಿ ನೋಟ್‌ಬುಕ್ ತಿರುವಿದಾಗ ಇದು ಕಣ್ಣಿಗೆ ಬೀಳುತ್ತದೆ. ಹತ್ತು ಕಡ್ಡಿಗಳ ಕಟ್ಟೊಂದನ್ನು ಬಿಡಿಸಿ ತೋರಿಸಿದರೆ ಕಾಲು ಗಂಟೆಯಲ್ಲಿ ಮುಗಿಯುವ ಕೆಲಸ. ಶಾಲೆಯ ಮೆಟ್ಟಿಲು ಹತ್ತದ ತಾಯಿಯೂ ಅದೇ ಹೊತ್ತಿನಲ್ಲಿ, ಅಷ್ಟೇ ಅಕ್ಕರೆಯಿಂದ ಅದೇ ಪುಟ ನೋಡುತ್ತಾಳೆ. ಅವಳಿಗೆ ಕಾಣುವುದು ದುಂಡಗೆ ಬರೆದ, ಎಲ್ಲೂ ಖಾಲಿ ಬಿಡದ ಹಾಳೆ. ಮಾರನೆಯ ದಿನ ನಲವತ್ತು ನೋಟ್‌ಬುಕ್‌ಗಳಿಗೆ ಕೆಂಪು ಶಾಯಿಯ ಗುರುತು ಹಾಕುವ ಅವಸರದಲ್ಲಿ ಶಿಕ್ಷಕರ ಕಣ್ಣೂ ತಪ್ಪಿದರೆ, ಮುಂದಿನ ವರ್ಷದ ಭಾಗಾಕಾರ ಇದೇ ತಪ್ಪಿನ ಮೇಲೆ ಕೂರುತ್ತದೆ. ಆ ಹೊತ್ತಿಗೆ ಒಂದು ಮಗುವಿಗೆ ಚುರುಕು ಎಂದೂ ಇನ್ನೊಂದಕ್ಕೆ ದಡ್ಡ ಎಂದೂ ಹೆಸರು ಬಿದ್ದಿರುತ್ತದೆ.

ತಂದೆ–ತಾಯಿಯ ಓದಿಗೂ ಮಕ್ಕಳ ಕಲಿಕೆಗೂ ನಂಟಿದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದ ತಂಡ ಸುಮಾರು 6 ಲಕ್ಷ ಮಕ್ಕಳನ್ನು ಪರೀಕ್ಷಿಸಿ 1966ರಲ್ಲಿ ಕೊಟ್ಟ ವರದಿ, ಶಾಲೆಯ ಕಟ್ಟಡ, ಪ್ರಯೋಗಾಲಯ, ಖರ್ಚುವೆಚ್ಚಗಳಿಗಿಂತ ಮಗುವಿನ ಮನೆಯ ಹಿನ್ನೆಲೆಯೇ ಅಂಕಗಳ ಮೇಲೆ ಹೆಚ್ಚು ಪ್ರಭಾವ ಬೀರುತ್ತದೆ ಎಂದು ಹೇಳಿ ಅಲ್ಲಿನ ಸರ್ಕಾರವನ್ನೇ ಪೇಚಿಗೆ ಸಿಕ್ಕಿಸಿತ್ತು. ಆದರೆ ನಂಟು ಇದೆ ಎಂಬಲ್ಲಿಗೇ ಮಾತು ನಿಂತರೆ ಅದು ಹಣೆಬರಹದ ಮಾತಾಗುತ್ತದೆ. ಓದಿದವರ ಮಕ್ಕಳು ಓದುತ್ತಾರೆ, ಉಳಿದವರ ಪಾಡು ಅಷ್ಟೇ ಎಂದು ಕೈತೊಳೆದುಕೊಳ್ಳಲು ಅದು ಸುಲಭದ ದಾರಿ. ಕೇಳಬೇಕಾದ ಪ್ರಶ್ನೆ ಬೇರೆ: ಈ ನಂಟು ಯಾವ ಹಾದಿಯಲ್ಲಿ ಕೆಲಸ ಮಾಡುತ್ತದೆ? ಸಿಕ್ಕಿರುವ ಪುರಾವೆಗಳನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ತೋರುವುದು ಇಷ್ಟು. ಓದಿದ ತಂದೆ–ತಾಯಿ ಮಕ್ಕಳಿಗೆ ಮಾಡಿಕೊಡುವುದರಲ್ಲಿ ದೊಡ್ಡ ಪಾಲು, ಶಾಲೆ ತಾನು ಮಾಡದೆ ಮನೆಗೆ ಕಳಿಸಿದ ಕೆಲಸ. ಪ್ರತಿ ಮನೆಯಲ್ಲೂ ಸಂಬಳವಿಲ್ಲದ ಎರಡನೇ ಮೇಷ್ಟ್ರೊಬ್ಬರು ಇದ್ದಾರೆ ಎಂದು ನಂಬಿಕೊಂಡೇ ನಮ್ಮ ಶಾಲೆಗಳು ನಡೆಯುತ್ತಿವೆ. ಆ ಮೇಷ್ಟ್ರು ಇಲ್ಲದ ಮನೆಯ ಮಗು ಹಿಂದೆ ಬಿದ್ದರೆ ಅದನ್ನು ಮನೆಯ ಕೊರತೆ ಎಂದು ಬರೆದುಕೊಳ್ಳುತ್ತೇವೆ.

ನಮ್ಮ ನೆಲಕ್ಕೆ ಹತ್ತಿರದ ಎರಡು ಅಧ್ಯಯನಗಳನ್ನು ನೋಡಬಹುದು. ಹಸಿರು ಕ್ರಾಂತಿಯ ಕಾಲದ ಭಾರತದ ಹಳ್ಳಿಗಳ ಮಾಹಿತಿ ಹಿಡಿದು ಜೆರೆ ಬೆಹ್ರ್‌ಮನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇರೆಲ್ಲ ಸ್ಥಿತಿಗತಿ ಒಂದೇ ಆಗಿದ್ದರೂ ಅಕ್ಷರಸ್ಥ ತಾಯಂದಿರ ಮಕ್ಕಳು ಉಳಿದವರಿಗಿಂತ ದಿನಕ್ಕೆ ಸುಮಾರು ಎರಡು ಗಂಟೆ ಹೆಚ್ಚು ಓದುತ್ತಿದ್ದರು. ಆ ಹೆಂಗಸರು ಓದಿನಿಂದ ಹೊರಗಿನ ದುಡಿಮೆಗೆ ಹೋಗಿ ಹೆಚ್ಚು ಸಂಪಾದಿಸಿದವರೇನಲ್ಲ. ಅವರ ಅಕ್ಷರಕ್ಕೆ ಬೆಲೆ ಬಂದದ್ದು ಮನೆಯೊಳಗಿನ ಪಾಠದಿಂದ. ಪಾಕಿಸ್ತಾನದ ಪಂಜಾಬಿನ ಹಳ್ಳಿಗಳಲ್ಲಿ ತಾಹಿರ್ ಅಂದ್ರಾಬಿ, ಜಿಷ್ಣು ದಾಸ್, ಆಸಿಮ್ ಖ್ವಾಜಾ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಹರಿತವಾದದ್ದು. ತಾಯಿ ಹುಟ್ಟಿ ಬೆಳೆದ ಊರಿನಲ್ಲಿ ಆಗ ಹೆಣ್ಣುಮಕ್ಕಳ ಶಾಲೆ ಇತ್ತೇ ಇಲ್ಲವೇ ಎಂಬುದನ್ನು ಅವರು ಅಳತೆಗೋಲು ಮಾಡಿಕೊಂಡರು. ತವರಿನಲ್ಲಿ ಶಾಲೆ ಇದ್ದದ್ದು ಅವಳ ಬುದ್ಧಿಯಿಂದಲ್ಲ, ಅಪ್ಪನ ಆಸ್ತಿಯಿಂದಲೂ ಅಲ್ಲ. ಹಾಗಾಗಿ ಓದಿನ ಪರಿಣಾಮವನ್ನು ಬೇರೆಯಾಗಿ ನೋಡಲು ಅದು ನೆರವಾಗುತ್ತದೆ. ನಾಲ್ಕಕ್ಷರ ಕಲಿತ ತಾಯಂದಿರ ಮಕ್ಕಳು ಮನೆಯಲ್ಲಿ ದಿನಕ್ಕೆ 72 ನಿಮಿಷ ಹೆಚ್ಚು ಓದಿನಲ್ಲಿ ತೊಡಗಿದ್ದರು. ಅವರ ಪರೀಕ್ಷೆಯ ಅಂಕಗಳೂ ಹೆಚ್ಚಿದ್ದವು. ಇವರು ಪದವೀಧರೆಯರಲ್ಲ, ಬಹುಪಾಲು ಕೆಲವೇ ತರಗತಿ ಓದಿದವರು. ಅಷ್ಟು ಕಡಿಮೆ ಓದು ಇಷ್ಟು ಕೆಲಸ ಮಾಡುತ್ತದೆ ಎಂದರೆ, ಅಷ್ಟು ಕೆಲಸವನ್ನು ಶಾಲೆ ಬಾಕಿ ಉಳಿಸಿತ್ತು ಎಂದೇ ಅರ್ಥ.

ಲೆಕ್ಕ ಹೇಳಿಕೊಡುವುದು ಈ ಮೇಷ್ಟ್ರ ಕೆಲಸದ ಒಂದು ಪಾಲು ಮಾತ್ರ. ಇನ್ನೊಂದು ಪಾಲು ಕಣ್ಣಿಗೆ ಅಷ್ಟಾಗಿ ಬೀಳದ ಗುಮಾಸ್ತಿಕೆ. ಐದನೇ ತರಗತಿಯಲ್ಲಿದ್ದಾಗ ನವೋದಯ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು. ಎಂಟನೆಯದರಲ್ಲಿ ಎನ್ಎಂಎಂಎಸ್ ಪರೀಕ್ಷೆ ಪಾಸಾದರೆ ಒಂಬತ್ತರಿಂದ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಅದಕ್ಕೆ ನಾಡಕಚೇರಿಯಿಂದ ಜಾತಿ–ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಹೆಸರಿನ ಇನಿಷಿಯಲ್ ಎರಡೂ ಕಡೆ ಒಂದೇ ಇರಬೇಕೆಂಬ ಎಚ್ಚರ ಬೇಕು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಪಿಸಿಎಂಬಿಯೋ ಕಾಮರ್ಸೋ ಡಿಪ್ಲೊಮಾವೋ ಎಂಬ ತೀರ್ಮಾನ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಆಗಿಹೋಗುತ್ತದೆ. ಯಾವ ದಾರಿ ಎಲ್ಲಿಗೆ ಹೋಗುತ್ತದೆಂದು ಮೊದಲೇ ನಡೆದು ನೋಡಿದವರು ಮನೆಯಲ್ಲಿದ್ದರೆ ಆ ಮಗುವಿಗೆ ಒಂದು ನಕ್ಷೆಯೇ ಸಿಕ್ಕಂತೆ. ಜೊತೆಗೆ ಭಾಷೆ. ಕಲಬುರಗಿಯ ಹಳ್ಳಿಯ ಮಗು, ಲಂಬಾಣಿ ತಾಂಡಾದ ಮಗು, ತುಳು ಅಥವಾ ಉರ್ದು ಮನೆಮಾತಿನ ಮಗು ಪಠ್ಯಪುಸ್ತಕದ ಕನ್ನಡವನ್ನು ಮೊದಲು ಕೇಳುವುದು ತರಗತಿಯಲ್ಲೇ. ಓದಿದವರ ಮನೆಯ ಮಗುವಿನ ಕಿವಿಗೆ ಆ ಗ್ರಾಂಥಿಕ ಮಾತು ಪೇಪರಿನ ಮೂಲಕ, ಮಲಗುವ ಮುಂಚಿನ ಕತೆಯ ಮೂಲಕ ಮೊದಲೇ ಬಿದ್ದಿರುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡಿಯು ಇದನ್ನೇ ಸಾಂಸ್ಕೃತಿಕ ಬಂಡವಾಳ ಎಂದ. ಶಾಲೆ ತಾನು ಕಲಿಸದ್ದನ್ನು ಪರೀಕ್ಷೆಯಲ್ಲಿ ಕೇಳುತ್ತದೆ, ಮನೆಯಿಂದ ತಂದವರಿಗೆ ಪ್ರತಿಭೆಯ ಪಟ್ಟ ಕಟ್ಟುತ್ತದೆ ಎಂಬುದು ಅವನ ಆಕ್ಷೇಪವಾಗಿತ್ತು.

ಇದಕ್ಕೆ ಮೊದಲ ತಕರಾರು ರಕ್ತದ್ದು. ನೂಲಿನಂತೆ ಸೀರೆ ಎಂಬ ಗಾದೆಯನ್ನು ನೆಚ್ಚಿದವರು, ಜಾಣರು ಹೆಚ್ಚು ಓದುತ್ತಾರೆ, ಜಾಣರ ಮಕ್ಕಳು ಜಾಣರಾಗಿ ಹುಟ್ಟುತ್ತಾರೆ, ಇದರಲ್ಲಿ ಶಾಲೆಯ ಪಾತ್ರವೇನು ಎನ್ನುತ್ತಾರೆ. ತಳ್ಳಿಹಾಕುವಂಥ ಮಾತಲ್ಲ. ಅದನ್ನು ಒರೆಗೆ ಹಚ್ಚಲೆಂದೇ ಸಂಶೋಧಕರು ದತ್ತು ಮಕ್ಕಳ ಕಡೆ ತಿರುಗಿದರು. ಸ್ವೀಡನ್ನಿನಲ್ಲಿ ದತ್ತು ಮಕ್ಕಳ ಹೆತ್ತವರ ವಿವರವೂ ಸಾಕಿದವರ ವಿವರವೂ ಸರ್ಕಾರಿ ದಾಖಲೆಯಲ್ಲಿ ಸಿಗುತ್ತದೆ. ಆ ದಾಖಲೆಗಳನ್ನು ಜಾಲಾಡಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೆತ್ತವರ ಓದಿಗೂ ಮಗುವಿನ ಓದಿಗೂ ನಂಟಿದೆ, ಸಾಕಿದವರ ಓದಿಗೂ ನಂಟಿದೆ ಎಂದು ತೋರಿಸಿತು. ಅಂದರೆ ಹುಟ್ಟಿನಿಂದ ಬರುವುದೂ ಉಂಟು. ಆದರೆ ರಕ್ತಸಂಬಂಧವೇ ಇಲ್ಲದ ಮನೆಯ ಓದು ಕೂಡ ಮಗುವಿಗೆ ದಾಟುತ್ತದೆ. ಹುಟ್ಟಿನ ಪಾಲನ್ನು ಯಾವ ಶಿಕ್ಷಣ ಇಲಾಖೆಯೂ ತಿದ್ದಲಾರದು. ಮನೆಯ ಪಾಲನ್ನು ತಿದ್ದಬಹುದು.

ಎರಡನೆಯ ತಕರಾರು ದುಡ್ಡಿನದು, ಅದರ ಬೆನ್ನಿಗೇ ಜಾತಿಯದು. ಓದಿದವರ ಕೈಯಲ್ಲಿ ಹಣವಿರುತ್ತದೆ, ಹಣದಿಂದ ಟ್ಯೂಷನ್, ಪುಸ್ತಕ, ಓದಲು ಪ್ರತ್ಯೇಕ ಕೋಣೆ ಬರುತ್ತವೆ. ಓದಿನ ಪರಿಣಾಮ ಎಂದು ನಾವು ಹೇಳುತ್ತಿರುವುದು ಹಣದ ಪರಿಣಾಮ ಇರಬಹುದಲ್ಲ? ಒಂದು ಮಟ್ಟಿಗೆ ಹೌದು. ಎಎಸ್ಇಆರ್ (ವಾರ್ಷಿಕ ಶಿಕ್ಷಣ ಸ್ಥಿತಿ ವರದಿ) ಸಮೀಕ್ಷೆಯಂತೆ 2022ರಲ್ಲಿ ದೇಶದ ಹಳ್ಳಿಗಳಲ್ಲಿ 1ರಿಂದ 8ನೇ ತರಗತಿಯ ಶೇ 30.5ರಷ್ಟು ಮಕ್ಕಳು ದುಡ್ಡು ಕೊಟ್ಟು ಟ್ಯೂಷನ್‌ಗೆ ಹೋಗುತ್ತಿದ್ದರು. ಎರಡನೇ ಮೇಷ್ಟ್ರು ಮನೆಯಲ್ಲಿಲ್ಲದವರು ಬಾಡಿಗೆಗೆ ತರುತ್ತಿದ್ದಾರೆ ಎಂದು ಇದನ್ನು ಓದಬೇಕು, ಮತ್ತು ಹಾಗೆ ಓದಿದರೆ ಈ ತಕರಾರು ನನ್ನ ವಾದಕ್ಕೇ ಒತ್ತಾಸೆಯಾಗುತ್ತದೆ. ಆದರೆ ಹಣ ಬೇರೆ, ತಿಳಿವಳಿಕೆ ಬೇರೆ ಎಂಬುದನ್ನು ಪಕ್ಕದ ತಮಿಳುನಾಡು ಸರ್ಕಾರವೇ ಒಪ್ಪಿಕೊಂಡಿದೆ. ಕುಟುಂಬದಲ್ಲಿ ಮೊದಲ ಪದವೀಧರರಾಗಲಿರುವವರಿಗೆ ವೃತ್ತಿಶಿಕ್ಷಣದ ಬೋಧನಾ ಶುಲ್ಕದಲ್ಲಿ ಅಲ್ಲಿ 2010ರಿಂದ ರಿಯಾಯಿತಿ ಇದೆ. ಜಾತಿ ಮತ್ತು ಆದಾಯದ ಪಕ್ಕದಲ್ಲಿ ತಂದೆ–ತಾಯಿಯ ಓದನ್ನೂ ಒಂದು ಹಿಂದುಳಿದಿರುವಿಕೆಯಾಗಿ ಅದು ಗುರುತಿಸಿತು. ಕಾಲೇಜಿನ ಬಾಗಿಲಿಗೆ ಬಂದವರಿಗೆ ಕೊಡುವ ನೆರವು ತಡವಾಯಿತು ಎನ್ನಬಹುದು. ಗುರುತಿಸಿದ ರೀತಿ ಮಾತ್ರ ಸರಿಯಾಗಿದೆ.

ಇನ್ನು ನಾರ್ವೆಯ ವಿಷಯ. ಈ ಚರ್ಚೆಯಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸಿದ ಪುರಾವೆ ಅದು, ಮೇಲ್ನೋಟಕ್ಕೆ ನನ್ನ ವಾದಕ್ಕೆ ವಿರುದ್ಧವೂ ಹೌದು. 1960ರ ದಶಕದ ಆಸುಪಾಸಿನಲ್ಲಿ ಅಲ್ಲಿ ಕಡ್ಡಾಯ ಶಿಕ್ಷಣವನ್ನು 7 ವರ್ಷದಿಂದ 9 ವರ್ಷಕ್ಕೆ ಏರಿಸಿದರು. ಎಲ್ಲ ಊರಿನಲ್ಲೂ ಒಂದೇ ಸಲಕ್ಕೆ ಜಾರಿಯಾಗಲಿಲ್ಲ. ಒಂದೊಂದು ಪುರಸಭೆ ಒಂದೊಂದು ವರ್ಷ ಅಳವಡಿಸಿಕೊಂಡಿತು. ಹೀಗಾಗಿ ಒಂದೇ ವಯಸ್ಸಿನವರಲ್ಲಿ ಕೆಲವರಿಗೆ ಎರಡು ವರ್ಷದ ಹೆಚ್ಚುವರಿ ಓದು ಸಿಕ್ಕಿತು, ಪಕ್ಕದೂರಿನವರಿಗೆ ಸಿಗಲಿಲ್ಲ. ಆ ಎರಡು ವರ್ಷದ ಫಲ ಮುಂದಿನ ಪೀಳಿಗೆಯಲ್ಲಿ ಕಾಣುತ್ತದೆಯೇ ಎಂದು ಸಾಂಡ್ರಾ ಬ್ಲ್ಯಾಕ್, ಪಾಲ್ ಡೆವೆರೊ ಮತ್ತು ಶೆಲ್ ಸಾಲ್ವಾನೆಸ್ ಹುಡುಕಿ 2005ರಲ್ಲಿ ಕೊಟ್ಟ ಉತ್ತರ: ತಾಯಿಯಿಂದ ಮಗನಿಗೆ ಒಂದಿಷ್ಟು ದಾಟಿದ್ದನ್ನು ಬಿಟ್ಟರೆ ಬಹುಪಾಲು ಇಲ್ಲ. ಹಾಗಾದರೆ ತಂದೆ–ತಾಯಿಯ ಓದಿನಿಂದ ಏನೂ ಆಗುವುದಿಲ್ಲವೇ? ಪಂಜಾಬಿನ ತಾಯಿಗೆ ಸಿಕ್ಕ ಕೆಲವು ವರ್ಷಗಳ ಓದು ಮಗುವಿನ ದಿನಚರಿಯನ್ನೇ ಬದಲಿಸಿತು, ನಾರ್ವೆಯವಳ ಎರಡು ವರ್ಷ ಹೆಚ್ಚೇನೂ ಬದಲಿಸಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ, ನಿಜ. ಒಂದು ಕಡೆ ಅಕ್ಷರವೇ ಇಲ್ಲದ ಸ್ಥಿತಿಯಿಂದ ಅಕ್ಷರಕ್ಕೆ ಬಂದ ಹೆಜ್ಜೆ, ಇನ್ನೊಂದು ಕಡೆ ಏಳನೆಯದರಿಂದ ಒಂಬತ್ತನೆಯದಕ್ಕೆ ಹೋದ ಹೆಜ್ಜೆ. ಆದರೂ ಈ ವ್ಯತ್ಯಾಸ ನನಗೆ ಒಂದು ಮಾತು ಹೇಳುತ್ತದೆ. ಓದಲು, ಬರೆಯಲು, ಕೂಡಲು, ಕಳೆಯಲು ಶಾಲೆಯೇ ಕಲಿಸಿ ಮುಗಿಸುವ ದೇಶದಲ್ಲಿ ತಾಯಿ ಏಳನೆಯದಕ್ಕೆ ನಿಲ್ಲಿಸಿದಳೋ ಒಂಬತ್ತನೆಯದಕ್ಕೋ ಎಂಬುದು ಮಗುವಿಗೆ ದೊಡ್ಡ ಮಾತಲ್ಲ. ತಂದೆ–ತಾಯಿಯ ಓದಿನ ತೂಕ ಎಲ್ಲ ಕಡೆ ಒಂದೇ ಅಲ್ಲ ಎಂದಾದರೆ, ಅದು ಪ್ರಕೃತಿಯ ನಿಯಮವೂ ಅಲ್ಲ.

ಕನ್ನಡದ ಓದುಗರಿಂದ ಬರಬಹುದಾದ ತಕರಾರು ಇನ್ನೊಂದಿದೆ. ಹೆಬ್ಬೆಟ್ಟು ಒತ್ತುತ್ತಿದ್ದವರ ಮಕ್ಕಳೇ ಅಲ್ಲವೇ ಈ ರಾಜ್ಯದ ಎಷ್ಟೋ ಡಾಕ್ಟರು, ಎಂಜಿನಿಯರು, ಪ್ರಾಧ್ಯಾಪಕರು, ಐಎಎಸ್ ಅಧಿಕಾರಿಗಳು? ಛಲ ಇದ್ದವರು ಓದುತ್ತಾರೆ, ಮನೆಯ ಮಾತು ನೆಪ ಅಷ್ಟೇ ಎಂಬುದು ಅದರ ಧಾಟಿ. ಗೆದ್ದವರು ವೇದಿಕೆ ಮೇಲಿರುತ್ತಾರೆ, ನಾಲ್ಕನೆಯದಕ್ಕೇ ಬಿಟ್ಟವರು ಯಾವ ಸನ್ಮಾನ ಸಮಾರಂಭದಲ್ಲೂ ಮಾತಾಡುವುದಿಲ್ಲ ಎಂಬುದು ಒಂದು ಉತ್ತರ. ಆದರೆ ಗೆದ್ದವರ ಬದುಕನ್ನೇ ಹತ್ತಿರದಿಂದ ನೋಡಿದರೆ ಇನ್ನೂ ಒಳ್ಳೆಯ ಉತ್ತರವಿದೆ. ಅವರಲ್ಲಿ ಎಷ್ಟೊಂದು ಜನ ಒಂದಲ್ಲ ಒಂದು ವಿದ್ಯಾರ್ಥಿನಿಲಯದಲ್ಲಿ ಬೆಳೆದವರು. ತುಮಕೂರಿನ ಸಿದ್ಧಗಂಗಾ ಮಠ, ಧಾರವಾಡದ ಮುರುಘಾಮಠ, ಮೈಸೂರು–ಬೆಂಗಳೂರಿನ ಸಮುದಾಯಗಳ ಹಾಸ್ಟೆಲುಗಳು, ವಾರಕ್ಕೊಂದು ಮನೆಯ ಊಟ, ದೇವರಾಜ ಅರಸರ ಕಾಲದಲ್ಲಿ ಬೆಳೆದ ಹಿಂದುಳಿದ ವರ್ಗಗಳ ಹಾಸ್ಟೆಲುಗಳು, ಆಮೇಲೆ ಬಂದ ಮೊರಾರ್ಜಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು. ಇವುಗಳನ್ನು ನಾವು ಅನ್ನದಾಸೋಹವಾಗಿ ನೋಡಿದ್ದೇ ಹೆಚ್ಚು. ಅನ್ನ ಇತ್ತು, ಅದರ ಜೊತೆಗೆ ಬೆಳಗಿನ ಜಾವದ ಗಂಟೆ, ಸಂಜೆಯ ಕಡ್ಡಾಯ ಓದಿನ ಹೊತ್ತು, ಉರಿಯುವ ದೀಪ, ತೊಡರಿದ ಲೆಕ್ಕ ಬಿಡಿಸಿಕೊಡುವ ಮೇಲಿನ ತರಗತಿಯ ಹುಡುಗ, ಯಾವ ಪರೀಕ್ಷೆಗೆ ಯಾವಾಗ ಅರ್ಜಿ ಹಾಕಬೇಕೆಂದು ಗೊತ್ತಿದ್ದ ವಾರ್ಡನ್ ಇದ್ದರು. ಓದಿದ ಮನೆ ಮಾಡುವ ಅಷ್ಟೂ ಕೆಲಸವನ್ನು ಹಾಸ್ಟೆಲು ಮಾಡುತ್ತಿತ್ತು. ಓದದ ಮನೆಯ ಮಗು ಓದಬಲ್ಲದು ಎಂಬುದಕ್ಕೆ ಕರ್ನಾಟಕದ ಚರಿತ್ರೆಯೇ ಸಾಕ್ಷಿ. ಮನೆಯ ಕೆಲಸವನ್ನು ಬೇರೆ ಯಾರಾದರೂ ಹೊತ್ತುಕೊಂಡರೆ ಎಂಬ ಷರತ್ತೂ ಅದೇ ಸಾಕ್ಷಿಯಲ್ಲಿದೆ.

ಕೋಲ್ಮನ್ ವರದಿಯನ್ನು ಹಿಡಿದು ಶಾಲೆಯಿಂದ ಹೆಚ್ಚೇನೂ ಆಗದು ಎನ್ನುವವರಿಗೂ ಇಲ್ಲೇ ಉತ್ತರಿಸಬೇಕು. ಸ್ಟೀಫನ್ ಹೇನೆಮನ್ ಮತ್ತು ವಿಲಿಯಂ ಲಾಕ್ಸ್‌ಲಿ 1983ರಲ್ಲಿ 29 ದೇಶಗಳ ಮಾಹಿತಿಯನ್ನು ಹೋಲಿಸಿದಾಗ, ಶ್ರೀಮಂತ ದೇಶಗಳಿಗಿಂತ ಬಡ ದೇಶಗಳಲ್ಲಿ ಮಗುವಿನ ಕಲಿಕೆಯ ಮೇಲೆ ಶಾಲೆ ಮತ್ತು ಶಿಕ್ಷಕರ ಗುಣಮಟ್ಟದ ಪ್ರಭಾವ ಹೆಚ್ಚು ಎಂದು ಕಂಡಿತು. ಕೋವಿಡ್ ಕಾಲ ಇದನ್ನು ನಮ್ಮ ಕಣ್ಣೆದುರೇ ತೋರಿಸಿತು. ಶಾಲೆ ಮುಚ್ಚಿದ ತಿಂಗಳುಗಳಲ್ಲಿ ಕಲಿಕೆಯ ಹೊಣೆ ಪೂರ್ತಿ ಮನೆಯ ಮೇಲೆ ಬಿತ್ತು. ಮರದ ಕೆಳಗೆ, ಗುಡಿಯ ಜಗಲಿಯಲ್ಲಿ ನಡೆದ ವಿದ್ಯಾಗಮ ಎಂಬ ಸರ್ಕಾರಿ ಪಾಠ ಯೋಜನೆ 2020ರ ಆಗಸ್ಟ್‌ನಲ್ಲಿ ಶುರುವಾಗಿ, ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತಿತು. ಕರ್ನಾಟಕವೂ ಸೇರಿ 5 ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಪರಿಶೀಲಿಸಿದಾಗ, ಶೇ 92ರಷ್ಟು ಮಕ್ಕಳು ಭಾಷೆಯಲ್ಲಿ, ಶೇ 82ರಷ್ಟು ಮಕ್ಕಳು ಗಣಿತದಲ್ಲಿ ಹಿಂದಿನ ವರ್ಷ ಬಲ್ಲವರಾಗಿದ್ದ ಕನಿಷ್ಠ ಒಂದು ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಸರ್ಕಾರಿ ಶಾಲೆಯಲ್ಲಿ ಏನೂ ಕಲಿಸುವುದಿಲ್ಲ ಎಂದು ಸಲೀಸಾಗಿ ಹೇಳುವವರು ಈ ಅಂಕಿಗಳನ್ನು ಮತ್ತೊಮ್ಮೆ ನೋಡಬೇಕು. ಕಲಿಸದೇ ಇದ್ದದ್ದು ಕಳೆದುಹೋಗುವುದು ಹೇಗೆ?

ಹಾಗಿದ್ದರೆ ತಾಯಂದಿರಿಗೇ ಓದು ಕಲಿಸಿಬಿಡೋಣ ಎಂಬ ಸಲಹೆ ಸಹಜ. ಕಾಲವೂ ಆ ಕೆಲಸವನ್ನು ಒಂದಷ್ಟು ಮಾಡುತ್ತಿದೆ. 5ರಿಂದ 16 ವರ್ಷದ ಹಳ್ಳಿ ಮಕ್ಕಳ ತಾಯಂದಿರಲ್ಲಿ ಶಾಲೆಗೇ ಹೋಗದವರ ಪ್ರಮಾಣ 2016ರಲ್ಲಿ ಸುಮಾರು ಶೇ 47 ಇದ್ದದ್ದು 2024ಕ್ಕೆ ಶೇ 30ರ ಆಸುಪಾಸಿಗೆ ಇಳಿದಿದೆ ಎನ್ನುತ್ತದೆ ಎಎಸ್ಇಆರ್. ಆದರೆ ಈಗಿನ ತಾಯಂದಿರನ್ನು ವಯಸ್ಕರ ಶಿಕ್ಷಣದ ತರಗತಿಗೆ ಕೂರಿಸಿ ಮಕ್ಕಳ ಕಲಿಕೆ ಎತ್ತುವುದು ಎಷ್ಟು ಸಾಧ್ಯ? ಬಿಹಾರ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಕೆಲವು ಊರುಗಳಲ್ಲಿ ತಾಯಂದಿರಿಗೆ ಅಕ್ಷರ–ಲೆಕ್ಕ ಕಲಿಸಿದರು, ಕೆಲವು ಕಡೆ ಮಕ್ಕಳ ಓದಿನಲ್ಲಿ ಹೇಗೆ ಪಾಲ್ಗೊಳ್ಳಬೇಕೆಂದು ಮನೆಗೇ ಹೋಗಿ ತೋರಿಸಿಕೊಟ್ಟರು, ಕೆಲವು ಕಡೆ ಎರಡನ್ನೂ ಮಾಡಿದರು. ರುಕ್ಮಿಣಿ ಬ್ಯಾನರ್ಜಿ, ಜೇಮ್ಸ್ ಬೆರಿ, ಮಾರ್ಕ್ ಶಾಟ್‌ಲ್ಯಾಂಡ್ 2017ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ತಾಯಂದಿರು ಕಲಿತದ್ದು ಕಾಣುತ್ತದೆ, ಮಕ್ಕಳ ಗಣಿತದಲ್ಲೂ ಏರಿಕೆ ಕಾಣುತ್ತದೆ. ಆದರೆ ಆ ಏರಿಕೆ ಬಹಳ ಸಣ್ಣದು. ಹೊಲದ ಕೆಲಸ, ಮನೆಗೆಲಸ ಮುಗಿಸಿ ಬಂದ ಹೆಂಗಸಿಗೆ ಕೆಲವು ತಿಂಗಳಲ್ಲಿ ಅಕ್ಷರ ಕಲಿಸಿ, ಆಮೇಲೆ ಅವಳಿಂದ ಮಗುವಿಗೆ ಭಾಗಾಕಾರ ಹೇಳಿಸುವುದು ದೂರದ ಸುತ್ತುದಾರಿ. ಆಕೆ ಕಲಿಯಬೇಕಾದದ್ದು ಆಕೆಯ ಹಕ್ಕೆಂಬ ಕಾರಣಕ್ಕೆ. ಶಾಲೆಯ ಬಾಕಿ ಕೆಲಸ ತೀರಿಸಲು ಆಕೆಯನ್ನು ತಯಾರು ಮಾಡುವುದು ಇನ್ನೊಂದು ಹೊರೆ ಹೊರಿಸಿದಂತೆ, ಅದೂ ಅಪ್ಪಂದಿರನ್ನು ಯಾರೂ ಹೀಗೆ ತರಗತಿಗೆ ಕರೆಯದಿರುವಾಗ.

ಶಾಲೆಯೊಳಗೇ ಮಾಡಬಹುದಾದದ್ದಕ್ಕೆ ನಮ್ಮಲ್ಲೇ ಒಂದು ಮಾದರಿ ಹುಟ್ಟಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಪದ್ಧತಿಯಿಂದ ಪ್ರೇರಣೆ ಪಡೆದು ಕಟ್ಟಿದ ನಲಿ–ಕಲಿಯಲ್ಲಿ ಮಗು ಕಲಿಕಾ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ. ಹಬ್ಬಕ್ಕೋ ಸುಗ್ಗಿಗೋ ಹದಿನೈದು ದಿನ ತಪ್ಪಿಸಿಕೊಂಡು ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು. ಮಕ್ಕಳು ಕೂರುವುದು ಬೇರೆ ಬೇರೆ ತಟ್ಟೆಗಳಲ್ಲಿ: ಹೊಸ ಪಾಠ ಕಲಿಯುವವರು ಶಿಕ್ಷಕರ ಸಂಪೂರ್ಣ ಬೆಂಬಲದ ತಟ್ಟೆಯಲ್ಲಿ, ಅಭ್ಯಾಸ ಮಾಡುವವರು ಸಹಪಾಠಿ ಬೆಂಬಲದ ತಟ್ಟೆಯಲ್ಲಿ, ಸ್ವಂತವಾಗಿ ಮಾಡಬಲ್ಲವರು ಸ್ವಕಲಿಕೆಯ ತಟ್ಟೆಯಲ್ಲಿ. ಹೇಳಿಕೊಡುವುದು, ಅಭ್ಯಾಸ ಮಾಡಿಸುವುದು, ತಪ್ಪು ಹಿಡಿಯುವುದು, ಎಲ್ಲವೂ ತರಗತಿಯ ನಾಲ್ಕು ಗೋಡೆಯೊಳಗೆ. ಮನೆಯಲ್ಲಿ ಯಾರು ಓದಿದ್ದಾರೆ ಎಂದು ಕೇಳುವ ಅಗತ್ಯವೇ ಬೀಳದ ವ್ಯವಸ್ಥೆ. ಕಾಗದದ ಮೇಲೆ, ಅಷ್ಟು ಮಾತು ಸೇರಿಸಲೇಬೇಕು. ರಾಜ್ಯಕ್ಕೆಲ್ಲ ಹಬ್ಬಿದ ಮೇಲೆ ಮೂರು ತರಗತಿಯನ್ನು ಒಬ್ಬರೇ ಶಿಕ್ಷಕರ ತಲೆಗೆ ಕಟ್ಟಲು ಇದೇ ಒಳ್ಳೆಯ ನೆಪವಾಯಿತು ಎಂಬ ಶಿಕ್ಷಕರ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಮೂವತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಗಮನಿಸುವ ಪದ್ಧತಿಗೆ, ಗಮನಿಸಲು ಪುರುಸೊತ್ತಿರುವ ಶಿಕ್ಷಕರೇ ಇಲ್ಲದಿದ್ದರೆ ಕಲಿಕೆಯ ಕಾರ್ಡುಗಳು ಕಪಾಟಿನಲ್ಲಿ ಉಳಿಯುತ್ತವೆ.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿರುವ ಶಾಲೆಗಳಿಗೆ ಮನೆಯ ಬೆಲೆ ಚೆನ್ನಾಗಿ ಗೊತ್ತು. ಪ್ರವೇಶದ ಹೊತ್ತಿನಲ್ಲಿ ಮಗುವನ್ನಾಗಲಿ ತಂದೆ–ತಾಯಿಯನ್ನಾಗಲಿ ಪರೀಕ್ಷೆಗೆ ಒಡ್ಡಿ ಆಯ್ಕೆ ಮಾಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ಅಂಥದ್ದೊಂದು ನಿಷೇಧ ಬೇಕಾಯಿತು ಎಂಬುದೇ ಎಷ್ಟೋ ಹೇಳುತ್ತದೆ. ಓದಿದವರ ಮಕ್ಕಳನ್ನೇ ಆರಿಸಿಕೊಂಡು, ಮನೆಯಲ್ಲಿ ನಡೆದ ಪಾಠದ ಫಲವನ್ನು ಶೇ 100 ಫಲಿತಾಂಶ ಎಂದು ಫ್ಲೆಕ್ಸ್ ಹಾಕಿಸಿ ಮಾರುವುದು ಲಾಭದ ವ್ಯಾಪಾರ. ಅದನ್ನು ನೋಡಿದ ಸರ್ಕಾರಿ ಶಾಲೆಯ ಶಿಕ್ಷಕರು ಪೋಷಕರ ಸಭೆಯಲ್ಲಿ 'ಮನೆಯಲ್ಲಿ ನೀವು ಸ್ವಲ್ಪ ಓದಿಸಿ' ಎಂದು ಬೇಡಿಕೊಳ್ಳುವುದು, ಕೂಲಿ ಬಿಟ್ಟು ಬಂದ ತಾಯಿ ತಲೆ ತಗ್ಗಿಸಿ 'ಆಗಲಿ ಸರ್' ಎನ್ನುವುದು ನಡೆದೇ ಇದೆ.

ಹೋಂವರ್ಕ್ ಬಗ್ಗೆ ಕೇಂದ್ರದ ನೀತಿ ಆಗಲೇ ಇದೆ. 2020ರ ಶಾಲಾ ಬ್ಯಾಗ್ ನೀತಿಯಂತೆ ಎರಡನೇ ತರಗತಿಯವರೆಗೆ ಹೋಂವರ್ಕ್ ಕೂಡದು. ಮೂರರಿಂದ ಐದನೆಯದಕ್ಕೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ ಒಂದು ಗಂಟೆ. ಬೆನ್ನಿನ ಹೊರೆ, ಮಕ್ಕಳ ಆಯಾಸದ ಕಾರಣಕ್ಕೆ ಬಂದ ನೀತಿ ಇದು. ಮನೆಯಲ್ಲಿ ಪಕ್ಕಕ್ಕೆ ಕೂರುವವರು ಯಾರು ಎಂಬ ಪ್ರಶ್ನೆ ಇದರ ಚರ್ಚೆಯಲ್ಲಿ ಅಷ್ಟಾಗಿ ಕೇಳಿಬರಲಿಲ್ಲ. ಗಂಟೆ ಇಳಿಸಿದರೆ ಸಾಲದು. ಮಗು ಒಂದೇ ಕೂತು ಮಾಡಬಲ್ಲಂಥ ಕೆಲಸವನ್ನೇ ಕೊಡಬೇಕು, ಇಲ್ಲವೇ ಓದದ ಅಪ್ಪ–ಅಮ್ಮನೇ ಬಲ್ಲವರಾಗಿರುವಂಥದ್ದನ್ನು ಕೊಡಬೇಕು: ಎಕರೆಗೆ ಬಿತ್ತನೆ ಬೀಜ ಎಷ್ಟು ಸೇರು, ಸಂತೆಯಲ್ಲಿ ಈ ವಾರದ ಈರುಳ್ಳಿ ದರ ಹೋದ ವಾರಕ್ಕಿಂತ ಎಷ್ಟು ಹೆಚ್ಚು. ಥರ್ಮಾಕೋಲ್ ತಂದು ಸೌರಮಂಡಲ ಮಾಡಿಸುವ ಪ್ರಾಜೆಕ್ಟುಗಳನ್ನು ಶಾಲೆಯಲ್ಲೇ ಮಾಡಿಸಲಿ. ಮತ್ತು ಮಗು ಬರೆದು ತಂದದ್ದರಲ್ಲಿ ತಪ್ಪು ಹುಡುಕಿ ಹೇಳಿಕೊಡುವ ಕೆಲಸಕ್ಕೆ ಮಾರನೆಯ ದಿನದ ವೇಳಾಪಟ್ಟಿಯಲ್ಲೇ ಹೊತ್ತು ಮೀಸಲಿಡಬೇಕು. ಇದಕ್ಕೆ ತರಗತಿಗೊಬ್ಬ ಶಿಕ್ಷಕರಾದರೂ ಬೇಕು, ಅವರು ಸಮೀಕ್ಷೆ, ಚುನಾವಣೆ, ಡೇಟಾ ಎಂಟ್ರಿಯ ಕೆಲಸಕ್ಕೆ ಹೋಗದೆ ತರಗತಿಯಲ್ಲೇ ಇರಬೇಕು. ಶಿಕ್ಷಕರ ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಬಿಟ್ಟು ಉಳಿಸಿದ ಸಂಬಳದ ಹಣ ಬಜೆಟ್ ಪುಸ್ತಕದಲ್ಲಿ ಉಳಿತಾಯದಂತೆ ಕಾಣಬಹುದು. ಆ ಕೆಲಸವನ್ನು ಓದಿದ ತಾಯಂದಿರು ಪುಕ್ಕಟೆ ಮಾಡುತ್ತಿದ್ದಾರೆ, ಓದದವರ ಮಕ್ಕಳ ಪಾಲಿಗೆ ಅದು ಆಗುತ್ತಲೇ ಇಲ್ಲ.